ತುಂಬಾ ಉಪಯೋಗವಾಯಿತು

ಕೊಳ್ಳೇಗಾಲ
9 ಸೆಪ್ಟೆಂಬರ್ 2025

ನಾಗಶ್ರೀಗೆ,

ನಿನ್ನ ಭಾಷಣದ ಮೇಲೆ ಬಂದಿರುವ ಅಭಿಪ್ರಾಯಗಳಲ್ಲಿ ಒಂದನ್ನು ಅದನ್ನು ಬರೆದವರೇ ನಿನ್ನೆ ತಿದ್ದಿದ್ದಾರೆ. ಇದನ್ನು ಗಮನಿಸಿ ಹೇಳಿದವಳು ಭವ್ಯ. ವೆಬ್‌ಸೈಟ್ ಮಾಡುವವರ ನಮ್ಮ ಸಮ್ಮೇಳನದ ಅಭಿಪ್ರಾಯ ಪುಟವನ್ನು ಮಾಡಿದವಳೂ ನೋಡಿಕೊಳ್ಳುವವಳೂ ಅವಳೇ.

ಮೊದಲು ಮಾಮೂಲಿ ವಿಷಯ. ಭಾಷಣ ಮಾಡಿದವರಿಗೆಲ್ಲ ಸಭಿಕರ ಅಭಿಪ್ರಾಯಗಳನ್ನು ಪ್ರಿಂಟ್ ತೆಗೆದು ಅಂಚೆಯಲ್ಲಿ ಕಳಿಸುವ ಪದ್ಧತಿಯನ್ನು ನಾನು ಈ ವರ್ಷವೂ ಬಿಟ್ಟಿಲ್ಲ. ಮೊಬೈಲಿನಲ್ಲಿ ಕೊಟ್ಟರೆ ಹೊಗಳಿಕೆ ಓದಿ ಮುಚ್ಚಿಡುತ್ತೀರಿ. ಕಾಗದವಾದರೆ ಬೈಗುಳವೂ ಕಣ್ಣಿಗೆ ಬೀಳುತ್ತದೆ. ರೇಷ್ಮೆಗೂಡಿನ ದರ ತೋರಿಸುವ ಪುಟ ಮಾಡಿದ ಹುಡುಗನಿಗೆ "ದರ ಸರಿ ಇದೆ, ಮಾತು ಬಲು ಸ್ಪೀಡು" ಎಂದು ಬಂದಿದೆ. ನನ್ನ ಸ್ವಾಗತ ಭಾಷಣಕ್ಕೆ ಒಬ್ಬರು, "ಮುಗೀತು ಅಂದುಕೊಂಡು ಮೂರು ಸಲ ಚಪ್ಪಾಳೆ ಹೊಡೆದೆವು, ಸಾರ್ ನಿಲ್ಲಿಸಲಿಲ್ಲ" ಎಂದಿದ್ದಾರೆ. ಇನ್ನೊಬ್ಬರು ಪುಳಿಯೋಗರೆಗೆ ಐದು ಸ್ಟಾರ್ ಕೊಟ್ಟು ಭಾಷಣಗಳ ಸುದ್ದಿಗೇ ಹೋಗಿಲ್ಲ. ನಿನಗೆ ಬಂದಿರುವುದು ಹೆಚ್ಚಿನವು ಒಳ್ಳೆಯವೇ. "ಪರದೆ ನೋಡಿಕೊಂಡೇ ಮಾತಾಡಿದಿರಿ, ನಾವೂ ಕೂತಿದ್ವಿ ಮೇಡಂ" ಎಂಬುದೊಂದಿದೆ. ಅದು ನಿಜ. ಮುಂದಿನ ಸಲ ತಲೆ ಎತ್ತು.

ಈಗ ತಿದ್ದಿದ್ದರ ವಿಷಯ. ಸಮ್ಮೇಳನದ ಸಂಜೆ ಒಬ್ಬರು ನಿನಗೆ ಐದು ಸ್ಟಾರ್ ಕೊಟ್ಟು "ತುಂಬಾ ಉಪಯೋಗವಾಯಿತು" ಎಂದಷ್ಟೇ ಬರೆದಿದ್ದರು. ನಿನ್ನೆ ಅದಕ್ಕೆ ಒಂದು ವಾಕ್ಯ ಸೇರಿಸಿದ್ದಾರೆ. ಈಗ ಅದು ಹೀಗಿದೆ: "ತುಂಬಾ ಉಪಯೋಗವಾಯಿತು. ಎರಡು ವರ್ಷದಿಂದ ಹುಡುಕುತ್ತಿದ್ದವರು ಸಿಕ್ಕಿದರು."

ನಮ್ಮ ಪುಟದ ನಿಯಮ ನಿನಗೆ ಗೊತ್ತು. ಬರೆದವರ ಹೆಸರು ಇರುವುದಿಲ್ಲ. ಬರೆದಾಗ ಅವರಿಗೊಂದು ಗುಟ್ಟಿನ ಸಂಖ್ಯೆ ಸಿಗುತ್ತದೆ. ಅದನ್ನು ಇಟ್ಟುಕೊಂಡವರು ಮುಂದೆ ಯಾವಾಗ ಬೇಕಾದರೂ ತಿದ್ದಬಹುದು, ಅಳಿಸಬಹುದು. ನಾವು ಮಾತ್ರ ಯಾರದನ್ನೂ ಮುಟ್ಟುವುದಿಲ್ಲ.

ತಮಾಷೆಗೆ ಬರೆದಿರಲೂಬಹುದು. ಕೆಳಗೆ ನಾಲ್ಕು ಜನ "ನಮಗೂ ಉಪಯೋಗವಾಯಿತು" ಎಂದು ಹೆಬ್ಬೆರಳು ಒತ್ತಿದ್ದಾರೆ. ಅವರು ಎರಡನೇ ವಾಕ್ಯ ಓದಿ ಒತ್ತಿದರೋ ಓದದೆ ಒತ್ತಿದರೋ ತಿಳಿಯದು. ಯಾರು ಯಾರನ್ನು ಹುಡುಕುತ್ತಿದ್ದರು ಎಂದು ನಿನಗೆ ಅಂದಾಜಿದ್ದರೆ ಬರೆ.

ನಿನ್ನ ಹಳೆಯ ಮೇಷ್ಟರು,
ಶಿವಕುಮಾರಸ್ವಾಮಿ


ಯಳಂದೂರು
12 ಸೆಪ್ಟೆಂಬರ್ 2025

ಸರ್ ಅವರಿಗೆ ನಮಸ್ಕಾರ.

ಕವರು ತಲುಪಿತು. ನಾನು ಹಾಲ್‌ನಲ್ಲಿ ತೋರಿಸಿದ್ದು ಇಷ್ಟೇ. ಮಲೆ ಮಹದೇಶ್ವರ ಬೆಟ್ಟದ ಒಂದು ಖಾಸಗಿ ವಸತಿಗೃಹದ ಬುಕಿಂಗ್ ವೆಬ್‌ಸೈಟಿನಲ್ಲಿ ನಮ್ಮ ಬುಕಿಂಗ್ ತೆರೆದರೆ ಮೇಲಿನ ವಿಳಾಸದ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆಯನ್ನು ಒಂದು ಹೆಚ್ಚಿಸಿದರೆ ಇನ್ನೊಬ್ಬರ ಬುಕಿಂಗ್ ತೆರೆದುಕೊಳ್ಳುತ್ತಿತ್ತು. ಹೆಸರು, ಊರು, ರೂಮು ಎಲ್ಲ. ಬೀಗ ಹಾಕಿದ್ದೇವೆಂದುಕೊಂಡ ಬಾಗಿಲು ತೆರೆದೇ ಇರುತ್ತದೆ ಎನ್ನುವುದು ನನ್ನ ಭಾಷಣದ ವಿಷಯವಾಗಿತ್ತು.

ಆ ವೆಬ್‌ಸೈಟ್ ಮಾಡಿದ ನಮ್ಮ ಬಸವಕುಮಾರನಿಗೆ ಜುಲೈನಲ್ಲೇ ಹೇಳಿದ್ದೆ. "ಮಾಡ್ತೀನಿ ಬುಡಕ್ಕ, ಅದನ್ಯಾರ್ ನೋಡ್ತಾರೆ" ಎಂದ. ಮಾಡಿರಲಿಲ್ಲ. ಭಾಷಣ ಆದ ವಾರದೊಳಗೆ ಮುಚ್ಚಿದ. ಈಗ ಆ ದಾರಿ ಇಲ್ಲ.

ಸ್ಲೈಡಿನಲ್ಲಿ ಎಲ್ಲ ಹೆಸರುಗಳಿಗೂ ಕಪ್ಪು ಬಳಿದಿದ್ದೆ. ಊರುಗಳಿಗೂ ಬಳಿದಿದ್ದೆ. ಮೂಲ ಚಿತ್ರಗಳನ್ನು ಅಳಿಸಿದ್ದೆ; ಒಂದು ಹೆಸರೂ ನನಗೆ ನೆನಪಿಲ್ಲ. ತಾರೀಕುಗಳನ್ನೂ ರೂಮಿನ ಸಂಖ್ಯೆಗಳನ್ನೂ ಮಾತ್ರ ಬಿಟ್ಟಿದ್ದೆ. ಅವುಗಳಲ್ಲೇನಿದೆ ಎಂದುಕೊಂಡೆ. ನಿಮಗೆ ನೆನಪಿರಬಹುದು, ಎಲ್ಲ ಸಾಲುಗಳಲ್ಲೂ ಒಂದು ರಾತ್ರಿ, ಎರಡು ರಾತ್ರಿ ಇದ್ದರೆ ಒಂದು ಸಾಲಿನಲ್ಲಿ ಮಾತ್ರ ಎರಡು ವರ್ಷದ ಹಿಂದಿನ ಯುಗಾದಿಯಿಂದ ಇಲ್ಲಿಯವರೆಗೆ ಅದೇ ರೂಮು. ಹಿಂದಿನಿಂದ ಯಾರೋ, "ಯಾರಮ್ಮಾ ಅದು, ಬೆಟ್ಟದ್ ಮ್ಯಾಲೆ ತಪಸ್ಸಿಗೆ ಕೂತಿರೋರು?" ಎಂದು ಕೂಗಿದರು. ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕು, "ಮಾದಪ್ಪನ್ನೇ ಕೇಳ್ಬೇಕು" ಎಂದೆ. ಅದಕ್ಕೂ ಚಪ್ಪಾಳೆ ಬಂತು.

ಆ ಅಭಿಪ್ರಾಯ ತಮಾಷೆ ಎಂದೇ ನನಗೂ ಅನ್ನಿಸುತ್ತದೆ. ಆದರೂ ಒಂದು ಕೇಳಿಕೊಳ್ಳುತ್ತೇನೆ. ಈ ವಿಷಯ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೇಡ. ಬಂದವರೆಲ್ಲ ಅದರಲ್ಲಿದ್ದಾರೆ. ಬರೆದವರೂ ಇರಬೇಕು. ಫೋನೂ ಬೇಡ. ನನ್ನ ನಂಬರು ಕೊನೆಯ ಸ್ಲೈಡಿನಲ್ಲಿತ್ತು. ಅವತ್ತಿನಿಂದ ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತಿದೆ. ಎತ್ತಿದರೆ ಆ ಕಡೆ ಮಾತಿಲ್ಲ, ಉಸಿರು ಮಾತ್ರ. ಸಿಮ್ ತೆಗೆದಿಟ್ಟಿದ್ದೇನೆ. ನೀವು ಹೇಗೂ ಕಾಗದ ಬರೆಯುವವರು. ಹೀಗೇ ಬರೆಯಿರಿ.

ನಾಗಶ್ರೀ


ಕೊಳ್ಳೇಗಾಲ
17 ಸೆಪ್ಟೆಂಬರ್ 2025

ನಾಗಶ್ರೀಗೆ,

ನಿನ್ನೆ ಮತ್ತೆ ತಿದ್ದಿದ್ದಾರೆ. ಐದು ಸ್ಟಾರ್ ಹಾಗೇ ಇದೆ. "ತುಂಬಾ ಉಪಯೋಗವಾಯಿತು. ಎರಡು ವರ್ಷದಿಂದ ಹುಡುಕುತ್ತಿದ್ದವರು ಸಿಕ್ಕಿದರು. ಇನ್ನೂ ಅಲ್ಲೇ ಇದ್ದಾಳೋ ಇಲ್ಲವೋ ನೋಡಬೇಕು. ದೀಪಾವಳಿಯ ಜನದಲ್ಲಿ ಯಾರು ಬಂದರು, ಯಾರು ಹೋದರು ಎಂದು ಯಾರೂ ಕೇಳುವುದಿಲ್ಲ."

"ಇದ್ದಾಳೋ" ಎಂದಿದೆ. ಇದು ತಮಾಷೆ ಅಲ್ಲ.

ಭವ್ಯಳನ್ನು ಕೂರಿಸಿಕೊಂಡು ಕೇಳಿದೆ. ಬರೆದವನು ಯಾರು, ಯಾವ ಊರಿನಿಂದ, ಯಾವ ಫೋನಿನಿಂದ ಎಂದು ತಿಳಿಯಲು ದಾರಿ ಇಲ್ಲವೇ? ಅವಳು ಅಳುವಂತಾಗಿ, "ಇಲ್ಲ ಸರ್. ಯಾರೂ ಹೆದರದೆ ಬರೀಲಿ, ಏನೂ ಉಳಿಸ್ಕೋಬೇಡ ಅಂತ ನೀವೇ ಹೇಳಿದ್ರಿ. ನಾನು ಏನೂ ಉಳಿಸಿಲ್ಲ" ಎಂದಳು. ನಾನು ಹೇಳಿದ್ದು ನಿಜ. ವೇದಿಕೆಯ ಮೇಲೂ ಹೇಳಿದೆ. "ನಾವು ಕೇಳುವುದಿಲ್ಲ ಮಾತ್ರವಲ್ಲ, ಕೇಳಿದರೂ ನಮಗೆ ಗೊತ್ತಾಗುವುದಿಲ್ಲ" ಎಂದಾಗ ಬಂದ ಚಪ್ಪಾಳೆ, ನಾನು ಮುಗಿಸಲಿ ಎಂದು ಹೊಡೆದದ್ದಲ್ಲ.

ಬಸವಕುಮಾರನ ಆಫೀಸಿಗೂ ಹೋಗಿದ್ದೆ. ಆ ಸಾಲಿನ ಹೆಸರು ಹೇಳು, ಅವರನ್ನು ಎಚ್ಚರಿಸಬೇಕು ಎಂದೆ. ನಿನ್ನ ಮೇಲಿನ ಸಿಟ್ಟು ಅವನಿಗೆ ಇಳಿದಿಲ್ಲ. "ಅವತ್ತು ನನ್ ಮಾನ ಕಳೆದ್ರಿ, ಸಾ. ಇವತ್ತು ಗಿರಾಕಿ ಹೆಸರು ಕೊಡು ಅಂತೀರಿ. ನಿಮಗ್ ಕೊಟ್ರೆ ಅದೂ ಸೋರಿಕೆನೇ ಅಲ್ವಾ?" ಎಂದ. ನಾನು ಎದ್ದು ಬಂದೆ.

ಪುಟವನ್ನೇ ತೆಗೆಯೋಣವೇ ಎಂದು ಯೋಚಿಸುತ್ತಿದ್ದೇನೆ. ನಿನ್ನ ಮಾತು ತಿಳಿಸು.

ಶಿವಕುಮಾರಸ್ವಾಮಿ


ಯಳಂದೂರು
23 ಸೆಪ್ಟೆಂಬರ್ 2025

ಸರ್ ಅವರಿಗೆ,

ಅವರು ಅಲ್ಲೇ ಇದ್ದಾರೆ. ಭಾನುವಾರ ಮಹಾಲಯ ಅಮಾವಾಸ್ಯೆಯ ಜನದ ಜೊತೆ ನಾನೂ ಬೆಟ್ಟಕ್ಕೆ ಹೋಗಿ ಬಂದೆ.

ಹೆಸರು ಗೊತ್ತಿರಲಿಲ್ಲ. ರೂಮು ಮಾತ್ರ ಸ್ಲೈಡಿನಿಂದ ಗೊತ್ತಿತ್ತು. ಅದೊಂದೇ ಗುರುತು ಹಿಡಿದು ವಸತಿಗೃಹದ ಮಹಡಿ ಹತ್ತಿದೆ. ಕಸ ಗುಡಿಸುತ್ತಿದ್ದ ಪುಟ್ಟಮಾದಮ್ಮ ಎಂಬ ಹೆಂಗಸು ನನ್ನನ್ನು ತಡೆದು, "ಯಾರವ್ವ ನೀನು? ಆ ರೂಮ್ ಬಾಡ್ಗೆಗಿಲ್ಲ" ಎಂದಳು. ಗೆಳತಿ ಎಂದು ಸುಳ್ಳು ಹೇಳಿದೆ.

"ಗೆಳತಿಯಾದ್ರೆ ಎಸರೇಳು."

ನಾನು ರೂಮಿನ ನಂಬರು ಹೇಳಿದೆ. ಅವಳು ಪೊರಕೆಯನ್ನು ಅಡ್ಡ ಹಿಡಿದಳು. "ಎಸರೇ ಗೊತ್ತಿಲ್ದ ಗೆಳ್ತಿ ನಮ್ ಊರ್ಕಡೆ ಇಲ್ಲ ಕಣವ್ವ. ಆ ಮಗ ಯಾರ್ ತಂಟೆಗೂ ಓಗಕಿಲ್ಲ. ಬಳೆ ಅಂಗ್ಡಿ ಆಯ್ತು, ರೂಮಾಯ್ತು. ನೀನು ಬಂದ್ ದಾರಿ ಇಡಿ."

ಕೆಳಗಿಳಿದು ಬಳೆ ಅಂಗಡಿಗಳ ಸಾಲಿನಲ್ಲಿ ನಡೆದೆ. ಮೂರನೆಯ ಅಂಗಡಿಯಲ್ಲಿ ಒಬ್ಬರು ಮೇಲಿನ ಮೊಳೆಗೆ ಸರ ತೂಗುಹಾಕುತ್ತಿದ್ದರು. ನನ್ನ ವಯಸ್ಸೇ ಇರಬೇಕು. ಸೊಂಟಕ್ಕೆ ಸಿಕ್ಕಿಸಿದ ಕೀಲಿಯ ಬಿಲ್ಲೆಯಲ್ಲಿ ಅದೇ ರೂಮಿನ ಸಂಖ್ಯೆ ಇತ್ತು. ಎಲ್ಲವನ್ನೂ ಬಲಗೈಯಲ್ಲೇ ಮಾಡುತ್ತಿದ್ದರು. ಎಡಗೈ ಎತ್ತಿದರೆ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಪಕ್ಕದ ಅಂಗಡಿಯವರು "ದೀಪಾ, ಚಿಲ್ರೆ ಇದ್ಯಾ?" ಎಂದರು. ಹೆಸರು ಹಾಗೆ ತಿಳಿಯಿತು.

ನಾನು ಮಾತಾಡಿಸಲಿಲ್ಲ, ಸರ್. ಒಂದು ಡಜನ್ ಹಸಿರು ಬಳೆ ಕೊಂಡೆ. ಅವರು ನನ್ನ ಕೈ ಹಿಡಿದು ಅಳತೆ ನೋಡಿ, "ನೋವಾದ್ರೆ ಯೋಳಿ ಅಕ್ಕ" ಎಂದರು. ನಾನು ಹೇಳಬೇಕಾದ್ದು ನಾಲಿಗೆಯ ಮೇಲಿತ್ತು. ನಿಮ್ಮನ್ನು ಒಬ್ಬ ಹುಡುಕುತ್ತಿದ್ದಾನೆ, ದಾರಿ ತೋರಿಸಿದವಳು ನಾನು. ಹಿಂದೆ ಜನ ನೂಕುತ್ತಿದ್ದರು. ಬಸ್ಸಿಗೆ ಬಂದೆ.

ಪುಟ ತೆಗೆಯುವ ವಿಷಯ ನಾನು ಇನ್ನೊಮ್ಮೆ ಹೋಗಿ ಬಂದ ಮೇಲೆ ನೋಡೋಣ. ಹೋಗಲೇಬೇಕು.

ನಾಗಶ್ರೀ


ಕೊಳ್ಳೇಗಾಲ
29 ಸೆಪ್ಟೆಂಬರ್ 2025

ನಾಗಶ್ರೀಗೆ,

ನೀನು ಬೆಟ್ಟಕ್ಕೆ ಹೋಗಿ ಬಂದದ್ದು ಅವನಿಗೆ ಗೊತ್ತಾಗಿದೆ. ಇಂದು ಬೆಳಿಗ್ಗೆ ಭವ್ಯ ಓಡಿ ಬಂದು ತೋರಿಸಿದಳು. ಹಳೆಯ ವಾಕ್ಯಗಳನ್ನೆಲ್ಲ ತೆಗೆದು ಹೊಸದಾಗಿ ಬರೆದಿದ್ದಾನೆ:

"ತುಂಬಾ ಉಪಯೋಗವಾಯಿತು. ಇದ್ದಾಳೋ ಹೋದಳೋ ಎಂಬ ಅನುಮಾನವಿತ್ತು. ಭಾಷಣಕಾರರೇ ಹೋಗಿ ನೋಡಿಕೊಂಡು ಬಂದರು. ಇದ್ದಾಳೆ. ಇಷ್ಟು ಕಾಳಜಿಯ ಭಾಷಣಕಾರರು ಬೇರೆ ಸಮ್ಮೇಳನಗಳಲ್ಲಿ ಸಿಗುವುದಿಲ್ಲ. ಧನ್ಯವಾದ."

ನೀನು ಹೋದದ್ದನ್ನು ಗುಂಪಿನಲ್ಲಿ ನಾನು ಹಾಕಿಲ್ಲ. ಭವ್ಯಳಿಗೂ ಹೇಳಿರಲಿಲ್ಲ. ಮೊನ್ನೆಯಿಂದ ಯಾರೊಡನೆ ಏನು ಮಾತಾಡಿದೆ ಎಂದು ಕೂತು ಯೋಚಿಸಿದೆ. ಸಮ್ಮೇಳನಕ್ಕೆ ಬಂದವರಲ್ಲಿ ಒಬ್ಬರನ್ನೂ ನಾನು ಈ ವಾರ ಕಂಡಿಲ್ಲ. ನಮ್ಮ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿಗೆ ಬಂದವರು ದಸರಾ ರಜೆ ಕೇಳಲು ಬಂದ ಮಕ್ಕಳು, ಹಾಲಿನವರು, ಅವತ್ತು ಹಾಲ್‌ನಲ್ಲಿ ಮರೆತಿದ್ದ ಸ್ಟ್ಯಾಂಡ್ ತೆಗೆದುಕೊಂಡು ಹೋಗಲು ಬಂದ ಮೈಕ್‌ಸೆಟ್ಟಿನ ಮಹದೇವು. ಅಷ್ಟೇ. ಮಹದೇವು ಒಳ್ಳೆಯ ಮನುಷ್ಯ. "ಯಳಂದೂರು ಮೇಡಂ ಚೆಂದಾಕವ್ರಾ ಸಾ? ಅವತ್ತು ನನಗ್ ಅರ್ಥ ಆಗಿದ್ದು ಅವ್ರ್ ಭಾಷ್ಣ ಒಂದೇಯಾ" ಎಂದು ನಿನ್ನನ್ನು ವಿಚಾರಿಸಿದ. ಬೆಟ್ಟಕ್ಕೆ ಹೋಗಿದ್ದಳು, ಹೋದ ಕೆಲಸ ಆಯಿತಂತೆ ಎಂದೆ. ಸಂತೋಷಪಟ್ಟ.

ನಿನ್ನನ್ನು ಯಾರೋ ಹಿಂಬಾಲಿಸಿರಬೇಕು. ಒಬ್ಬಳೇ ತಿರುಗಬೇಡ. ನಿನ್ನ ಉತ್ತರ ಬಂದ ಕೂಡಲೇ ಪುಟ ತೆಗೆಯುವಂತೆ ಭವ್ಯಳಿಗೆ ಹೇಳುತ್ತೇನೆ. ನಿಯಮ ಮುರಿದರೆ ಮುರಿಯಲಿ.

ಶಿವಕುಮಾರಸ್ವಾಮಿ


ಮಲೆ ಮಹದೇಶ್ವರ ಬೆಟ್ಟ
5 ಅಕ್ಟೋಬರ್ 2025

ಸರ್ ಅವರಿಗೆ,

ಬರೆಯುತ್ತಿರುವವನು ಮಹದೇವು. ಹೇಳಿದವರು ದೀಪ. ಅವನು ಅವರ ಗಂಡ.

ನಿಮ್ಮ ಪತ್ರ ಓದಿದ ಮಾರನೆಯ ದಿನವೇ ನಾನು ಇಲ್ಲಿಗೆ ಬಂದೆ. ಈ ಸಲ ಸುಳ್ಳು ಹೇಳಲಿಲ್ಲ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಸ್ಲೈಡಿನ ಪ್ರಿಂಟ್ ತೋರಿಸಿದೆ. ಪುಟ್ಟಮಾದಮ್ಮ ಪಕ್ಕದಲ್ಲೇ ಕಾವಲು ಕೂತಿದ್ದಳು. ದೀಪ ಕೋಪ ಮಾಡಿಕೊಳ್ಳಲಿಲ್ಲ. ಅಭಿಪ್ರಾಯವನ್ನು ಎರಡು ಸಲ ಓದಿ, "ಇದು ಅವಂದೇ ಮಾತು. ಒಡೆದಾದ್ ಮ್ಯಾಲೂ ಇಂಗೇ ನಯವಾಗ್ ಮಾತಾಡೋನು" ಎಂದರು.

ಸಮ್ಮೇಳನಕ್ಕೆ ಬಂದವರ ಹೆಸರುಗಳನ್ನೆಲ್ಲ ಓದಿ ಹೇಳಿದೆ. ಒಂದೂ ಅವರಿಗೆ ಗೊತ್ತಿರಲಿಲ್ಲ. "ಇವ್ರ್ ಯಾರೂ ಅಲ್ಲ ಕಣಕ್ಕ. ಅವ್ನು ಕಂಪ್ಯೂಟರ್ ಓದಿಲ್ಲ. ಅನೂರಲ್ಲಿ ಮೈಕ್‌ಸೆಟ್ ಬಾಡ್ಗೆಗ್ ಕೊಡ್ತಾನೆ. ಮದ್ವೆ, ಸಭೆ, ಸಾವು, ಎಲ್ಲಿ ಜನ ಸೇರಿದ್ರೂ ಓಯ್ತಾನೆ. ಎಲ್ಲಾರ್ ಮಾತೂ ಕೇಳಿಸ್ಕತಾನೆ. ಅವ್ನ್ ಯಾರ್ ಕಣ್ಗೂ ಬೀಳಕಿಲ್ಲ."

ಭಾಷಣಕ್ಕೆ ಮುಂಚೆ ನನ್ನ ಸೀರೆಯ ಅಂಚಿಗೆ ಮೈಕ್ ಸಿಕ್ಕಿಸಿ, "ಮೇಡಂ, ಉಸ್ರು ಬುಡೋದೂ ಕೇಳುಸ್ತದೆ, ಒಸಿ ದೂರ ಇಟ್ಕಳಿ" ಎಂದಿದ್ದು ಅವನೇ. ಕುರ್ಚಿಗಳ ಬೆನ್ನಿಗೆ ಅಭಿಪ್ರಾಯ ಪುಟದ ಕ್ಯೂಆರ್ ಕೋಡಿನ ಚೌಕ ಅಂಟಿಸಿದ್ದೆವಲ್ಲ, ಅದಕ್ಕೆ ಯಾರ ಫೋನ್ ಹಿಡಿದರೂ ಪುಟ ತೆರೆಯುತ್ತಿತ್ತು. ನಾವು ಕುರ್ಚಿಯಲ್ಲಿ ಕೂತವರನ್ನು ಮಾತ್ರ ಸಭಿಕರು ಎಂದುಕೊಂಡು ಇಷ್ಟು ದಿನ ಅವರಲ್ಲೇ ಹುಡುಕಿದೆವು.

ನನ್ನನ್ನು ಯಾರೂ ಹಿಂಬಾಲಿಸಲಿಲ್ಲ, ಸರ್. ನೀವು ಹೇಳಿದಿರಿ, ಅವನು ಕೇಳಿಸಿಕೊಂಡ. ಇದನ್ನು ಇದಕ್ಕಿಂತ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ದೀಪ ಎರಡು ಸಲ ಮುಳ್ಳೂರಿನ ತವರಿಗೆ ಓಡಿಹೋಗಿದ್ದರಂತೆ. ಎರಡು ಸಲವೂ ಕರೆದುಕೊಂಡು ಬಂದನಂತೆ. ಮೂರನೆಯ ಸಲ ಯುಗಾದಿಯಂದು ಮನೆ ಬಿಟ್ಟು ಬೆಟ್ಟಕ್ಕೆ ಬಂದರಂತೆ; ಸ್ಲೈಡಿನಲ್ಲಿ ಅವನು ಗುರುತು ಹಿಡಿದದ್ದು ಆ ತಾರೀಕನ್ನೇ. ಎಡ ಭುಜ ಮುಟ್ಟಿಕೊಂಡು, "ಎರಡ್ನೇ ಸಲದ್ದು ಇದು. ಮೂರ್ನೇ ಸಲಕ್ಕೆ ಏನು ಅಂತ ಅವತ್ತೇ ಯೋಳವ್ನೆ" ಎಂದರು. ಪುಟ್ಟಮಾದಮ್ಮ, "ಬಾಯ್ಬುಟ್ಟು ಅದ್ನೆಲ್ಲ ಆಡ್‌ಬ್ಯಾಡ ಸುಮ್ಕಿರು ಮಗ" ಎಂದು ಗದರಿದಳು.

ಪುಟ ತೆಗೆಯಬೇಡಿ. ಇದು ದೀಪ ಅವರ ಮಾತು. "ಅದ್ನ ಅಳಿಸ್ಬ್ಯಾಡಿ ಅಕ್ಕ. ಅವ್ನ್ ಮಾತಾಡೋ ಗಂಟ ನನಗ್ ಭಯ ಇಲ್ಲ. ಯಾವತ್ತು ಸುಮ್ಕಾಯ್ತಾನೋ ಅವತ್ತು ನಾನ್ ಓಡ್‌ಬೇಕು." ಆದ್ದರಿಂದ ನಿಯಮ ಹಾಗೇ ಇರಲಿ. ನಾನು ಇಲ್ಲೇ ಉಳಿಯುತ್ತೇನೆ. ದೀಪ ರೂಮು ಬಿಟ್ಟು ಪುಟ್ಟಮಾದಮ್ಮನ ಮನೆಗೆ ಬಂದಿದ್ದಾರೆ. ನಾನೂ ಅಲ್ಲೇ ಇದ್ದೇನೆ.

ಅವತ್ತು ಅಂಗಡಿಯಿಂದ ಹೊರಡುವಾಗ ದೀಪ, "ನಿಮ್ ಭಾಷ್ಣಕ್ಕೆ ನಾನೂ ಒಂದು ಬರೀಬೋದಾ?" ಎಂದು ಕೇಳಿದರು. ಬರೆದುಕೊಂಡಿದ್ದೇನೆ. ಭವ್ಯ ಪುಟಕ್ಕೆ ಹಾಕಲಿ. ಒಂದು ಸ್ಟಾರ್. "ಹೆಸರಿಗೆ ಕಪ್ಪು ಬಳಿದ್ರಿ. ನಾನಿರೋ ಜಾಗಕ್ಕೆ ಬಳೀಲಿಲ್ಲ. ನಗೋದು ಬೇಡಾಗಿತ್ತು."

ಒಂದಕ್ಷರವೂ ತಿದ್ದದೆ ಹಾಕಿ.

ನಾಗಶ್ರೀ
(ಪುಟ್ಟಮಾದಮ್ಮನ ಮನೆಯ ವಿಳಾಸಕ್ಕೇ ಬರೆಯಿರಿ. ವಸತಿಗೃಹಕ್ಕೆ ಫೋನ್ ಮಾಡಬೇಡಿ. ಅಲ್ಲಿ ಯಾರು ಎತ್ತುತ್ತಾರೋ ಗೊತ್ತಿಲ್ಲ.)


ಕೊಳ್ಳೇಗಾಲ
10 ಅಕ್ಟೋಬರ್ 2025

ನಾಗಶ್ರೀಗೆ,

ಠಾಣೆಗೆ ದೂರು ಕೊಟ್ಟಿದ್ದೇನೆ. ಸ್ಟ್ಯಾಂಡ್ ತೆಗೆದುಕೊಳ್ಳಲು ಬಂದ ದಿನ ಮಹದೇವುಗೆ ನಾನೇ ಕಾಫಿ ಕೊಟ್ಟೆ.

ದೀಪ ಅವರ ಅಭಿಪ್ರಾಯವನ್ನು ಭವ್ಯ ಹಾಗೇ ಹಾಕಿದಳು. ಮೊದಲ ದಿನ ಒಬ್ಬ, "ಇದು ಭಾಷಣಕ್ಕೆ ಸಂಬಂಧಿಸಿಲ್ಲ" ಎಂದ. ಎರಡನೇ ದಿನದಿಂದ ಗುಂಪಿನಲ್ಲಿ ಯಾರೂ ಏನೂ ಮಾತಾಡುತ್ತಿಲ್ಲ. ಬಸವಕುಮಾರ ಮಾತ್ರ ಇಲ್ಲಿಗೆ ಬಂದ. "ಜುಲೈನಲ್ಲೇ ಮುಚ್ಬೇಕಿತ್ತು ಸಾ" ಎಂದ. ಠಾಣೆಗೆ ನನ್ನ ಜೊತೆ ಬಂದವನು ಅವನೇ.

ಠಾಣೆಯ ಅಧಿಕಾರಿ ತಾಳ್ಮೆಯಿಂದ ಕೇಳಿದರು. ಪ್ರಿಂಟ್ ಓದಿ, "ಇದನ್ನ ಅವನೇ ಬರೆದಿದ್ದು ಅನ್ನೋದಕ್ಕೆ ಏನು ಸಾಕ್ಷಿ ಮೇಷ್ಟ್ರೇ?" ಎಂದರು. ನಮ್ಮ ಪುಟ ಏನನ್ನೂ ಉಳಿಸಿಕೊಳ್ಳುವುದಿಲ್ಲ ಎಂದೆ. "ಯಾಕೆ ಹಾಗೆ ಮಾಡಿದ್ರಿ?" ಎಂದು ಕೇಳಿದರು. ಯಾರೂ ಹೆದರದೆ ಬರೆಯಲಿ ಎಂದು ಎಂದೆ. ಅವರು ನನ್ನ ಮುಖವನ್ನು ನೋಡಿ ಪ್ರಿಂಟನ್ನು ಮಡಚಿ ಫೈಲಿಗೆ ಹಾಕಿಕೊಂಡರು. ಸಾಕ್ಷಿ ಇಲ್ಲದಿದ್ದರೂ ಅವನನ್ನು ಕರೆಸಿ ಎಚ್ಚರಿಕೆ ಕೊಡುತ್ತೇವೆ ಎಂದಿದ್ದಾರೆ. ಯಾವತ್ತು ಎಂದು ಹೇಳಿಲ್ಲ. ಹನೂರಿನ ಅವನ ಅಂಗಡಿಗೆ ಬೀಗ ಹಾಕಿದೆ. ಹಬ್ಬದ ಆರ್ಡರುಗಳ ಮೇಲೆ ತಿರುಗುತ್ತಿದ್ದಾನಂತೆ.

ಪುಟವನ್ನು ನಾವು ಮುಟ್ಟುವುದಿಲ್ಲ. ಅವನ ಅಭಿಪ್ರಾಯ ಹಾಗೇ ಇದೆ. ಭವ್ಯ ಬೆಳಿಗ್ಗೆ ಸಂಜೆ ನೋಡುತ್ತಿದ್ದಾಳೆ.

ಶಿವಕುಮಾರಸ್ವಾಮಿ


ಮಲೆ ಮಹದೇಶ್ವರ ಬೆಟ್ಟ
17 ಅಕ್ಟೋಬರ್ 2025

ಸರ್ ಅವರಿಗೆ,

ಮಹದೇವುವಿನ ಅಭಿಪ್ರಾಯ ಪುಟದಲ್ಲಿಲ್ಲ. ನಿನ್ನೆ ಸಂಜೆ ಇಲ್ಲಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಾನೇ ನೋಡಿದೆ. ಬೆಳಿಗ್ಗೆ ಇತ್ತು. ನೀವು ಮುಟ್ಟುವುದಿಲ್ಲ ಎಂದು ಒಪ್ಪಿದ್ದಿರಿ. ಆದ್ದರಿಂದ ಅಳಿಸಿದವನು ಅವನೇ.

ದೀಪ ಅವರಿಗೆ ಹೇಳಿದೆ. ಅವರು ಕಟ್ಟುತ್ತಿದ್ದ ಸರವನ್ನು ಕೆಳಗಿಟ್ಟು, "ಸುಮ್ಕಾದ" ಎಂದರು. ಪುಟ್ಟಮಾದಮ್ಮ ಎದ್ದು ಹೋಗಿ ಹಿತ್ತಲ ಬಾಗಿಲ ಅಗುಳಿ ಹಾಕಿ ಬಂದಳು.

ಠಾಣೆಯವರು ಅವನನ್ನು ಕರೆಸುವವರೆಗೆ ಇಲ್ಲೇ ಇರೋಣ ಎಂದೆ. ದೀಪ ಒಪ್ಪಲಿಲ್ಲ. ಹನೂರಿನ ದಾರಿಯಲ್ಲಿ ಇಳಿಯಲೂ ಒಪ್ಪಲಿಲ್ಲ. ಅದು ಅವನ ಊರು, ಪ್ರತಿ ಬಸ್ ನಿಲ್ದಾಣದಲ್ಲೂ ಅವನ ಪರಿಚಯದವರಿದ್ದಾರೆ. ಅವರ ಅಕ್ಕ ಮೇಟೂರಿನ ಕಡೆ ಇದ್ದಾರೆ. ಆ ಮನೆ ಅವನಿಗೆ ಗೊತ್ತಿಲ್ಲ. ಅದಕ್ಕೆ ಇನ್ನೊಂದು ಕಡೆಯಿಂದ, ಪಾಲಾರ್ ದಾರಿಯಲ್ಲಿ ಇಳಿಯುತ್ತೇವೆ. ಪುಟ್ಟಮಾದಮ್ಮ ತನ್ನ ಪರಿಚಯದ ತಮಿಳು ಬಸ್ ಡ್ರೈವರ್ ಕೈಲಿ ಸುದ್ದಿ ಕಳಿಸಿ ಉತ್ತರವನ್ನೂ ತರಿಸಿದ್ದಾಳೆ. ಭಾವನಿಗೆ ರಜೆ ಸಿಗುವುದು ಸೋಮವಾರ ಮಾತ್ರ. ಅವರು ಗಡಿ ದಾಟಿ ಈ ಕಡೆ ಬರಲಾರರು. ನಾವು ಪಾಲಾರಿನಲ್ಲಿ ಇಳಿದು ಸೇತುವೆಯನ್ನು ನಡೆದು ದಾಟಿದರೆ ಆ ತುದಿಯಲ್ಲಿ ನಿಂತಿರುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ. ಬೆಳಕಾಗುವ ಹೊತ್ತಿಗೆ ಪಾಲಾರಿನಲ್ಲಿರುತ್ತೇವೆ. ಅಷ್ಟು ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ ಎಂದು ಪುಟ್ಟಮಾದಮ್ಮ ಹೇಳುತ್ತಾಳೆ.

ಸೇತುವೆಯ ಆ ತುದಿಯವರೆಗೆ ನಾನು ಜೊತೆಗಿರುತ್ತೇನೆ. ದೀಪ ಬೇಡ ಎಂದರು. "ನೀವ್ ತೋರ್ಸಿದ್ ದಾರಿ ಸಾಕು ಕಣಕ್ಕ" ಎಂದು ಒಂದು ನಗೆ ನಕ್ಕರು. ಆದರೂ ಹೋಗುತ್ತೇನೆ.

ಇದು ನಿಮಗೆ ಸಿಗುವಷ್ಟರಲ್ಲಿ ನಾವು ಹೊರಟಾಗಿರುತ್ತದೆ. ಸಿಕ್ಕ ಮೇಲೂ ಯಾರಿಗೂ ಹೇಳಬೇಡಿ. ಭವ್ಯಳಿಗೂ ಬೇಡ.

ನಾಗಶ್ರೀ


ಕೊಳ್ಳೇಗಾಲ
17 ಅಕ್ಟೋಬರ್ 2025

ನಾಗಶ್ರೀಗೆ,

ಮಹದೇವು ನಿನ್ನೆ ಠಾಣೆಗೆ ಬಂದು ಮುಚ್ಚಳಿಕೆ ಬರೆದುಕೊಟ್ಟಿದ್ದಾನೆ. ತಿಳಿಸಿದವರು ಠಾಣೆಯ ಅಧಿಕಾರಿಯೇ. ಆಮೇಲೆ ನನ್ನನ್ನೂ ಬಸವಕುಮಾರನನ್ನೂ ಕರೆಸಿ ಓದಿ ಹೇಳಿದರು. ಹೆಂಡತಿಯ ತಂಟೆಗೆ ಹೋಗುವುದಿಲ್ಲ, ಬೆಟ್ಟ ಹತ್ತುವುದಿಲ್ಲ ಎಂದು ಬರೆದು ಸಹಿ ಹಾಕಿದ್ದಾನೆ.

ಅವನ ಅಭಿಪ್ರಾಯ ಪುಟದಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ. ಅಧಿಕಾರಿ ತಮ್ಮೆದುರೇ ಅವನ ಕೈಯಿಂದ ಅಳಿಸಿಹಾಕಿಸಿದರು. ಬರೆದವನು ಅವನೇ ಎಂಬುದು ಹಾಗೆ ಖಚಿತವಾಯಿತು. ದೀಪ ಅವರಿಗೂ ಇದನ್ನು ಬಿಡಿಸಿ ಹೇಳು. ಅವನು ಸುಮ್ಮನಾದದ್ದು ಠಾಣೆಯ ಭಯಕ್ಕೆ.

ಇನ್ನೂ ಸಮಾಧಾನದ ವಿಷಯವೊಂದಿದೆ. ದೀಪಾವಳಿಯ ದಿನಗಳಲ್ಲಿ ಎಲ್ಲಿರುತ್ತೀಯ ಎಂದು ಅಧಿಕಾರಿ ಕೇಳಿದಾಗ ಆರ್ಡರಿನ ಚೀಟಿ ತೋರಿಸಿದನಂತೆ. ತಮಿಳುನಾಡಿನ ಕಡೆಯಿಂದ ಬರುವ ಭಕ್ತರಿಗೆ ಊಟ ಹಾಕುವ ಪೆಂಡಾಲಿಗೆ ಮೈಕ್‌ಸೆಟ್ ಅವನದೇ. ಹಬ್ಬ ಮುಗಿಯುವವರೆಗೆ ಅಲ್ಲೇ ಇರುತ್ತಾನೆ. ಅಧಿಕಾರಿ ಪೆಂಡಾಲಿನವರಿಗೆ ಫೋನ್ ಮಾಡಿ ನಿಜ ಎಂದು ಖಚಿತ ಮಾಡಿಕೊಂಡಿದ್ದಾರೆ. ಬೆಟ್ಟದ ತುದಿಗೂ ಅಲ್ಲಿಗೂ ಘಟ್ಟದ ದಾರಿಯಷ್ಟು ದೂರವಿದೆ. ನೀವು ಮೇಲೆ ಇರುವವರೆಗೆ ಅವನು ಕೆಳಗಿರುತ್ತಾನೆ. ಹಬ್ಬ ಕಳೆಯುವವರೆಗೆ ಬೆಟ್ಟದಿಂದ ಕದಲಬೇಡಿ.

ಫೋನ್ ಬೇಡ ಎಂದು ನೀನು ಹೇಳಿದ್ದರಿಂದ ಇದನ್ನೂ ಅಂಚೆಗೇ ಹಾಕುತ್ತಿದ್ದೇನೆ. ರಜೆಗಳಿರುವುದರಿಂದ ನಿನ್ನ ಕೈಗೆ ಬುಧವಾರ ಗುರುವಾರ ಸಿಗಬಹುದು. ತುರ್ತೇನೂ ಇಲ್ಲ.

ಪೆಂಡಾಲ್ ಹಾಕಿರುವುದು ಪಾಲಾರಿನಲ್ಲಿ, ಸೇತುವೆಯ ಪಕ್ಕ. 20ನೇ ತಾರೀಕು ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಮೈಕ್ ಹಾಕುತ್ತಾರೆ.

ಶಿವಕುಮಾರಸ್ವಾಮಿ